ಅಗ್ಗದ ಎಲೆಕ್ಟ್ರಿಕ್ ಗಿಟಾರ್: ಏನನ್ನು ಬದಲಿಸಬೇಕು, ಹೆಸರನ್ನೇನು ಮಾಡಬೇಕು?

ಅಕ್ಕನ ಮಗ ಕಳೆದ ದೀಪಾವಳಿಗೆ ತನ್ನ ಮೊದಲ ಸಂಬಳದಲ್ಲಿ ಫೆಂಡರ್ ಕಂಪನಿಯ ಅಗ್ಗದ ಬ್ರಾಂಡಾದ ಸ್ಕ್ವಾಯರ್‌ನ ಒಂದು ಸ್ಟ್ರಾಟೋಕ್ಯಾಸ್ಟರ್ ಗಿಟಾರ್ ಕೊಂಡು ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಗೆ ಹೊತ್ತು ತಂದ. ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ ಅದನ್ನು ಮಲಗಿಸಿದೆವು. ಬದಲಿಸಬೇಕಾದ್ದರ ಪಟ್ಟಿ ಅವನ ಫೋನಿನಲ್ಲಿ ಆಗಲೇ ಸಿದ್ಧವಿತ್ತು: ತಂತಿಯ ಕಂಪನ ಹಿಡಿಯುವ ಪಿಕಪ್, ಶ್ರುತಿ ಮಾಡುವ ಕೀಗಳು, ದೇಹದ ಮೇಲೆ ತಂತಿ ಹಿಡಿಯುವ ಬ್ರಿಡ್ಜ್, ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಕಚ್ಚುಗಳ ನಟ್. ಕಡೆಯ ಸಾಲಿನಲ್ಲಿ ‘ಫೆಂಡರ್ ಸ್ಟಿಕರ್, 250 ರೂ.’ ಎಂದಿತ್ತು. ನಾನು ಆ ಸಾಲಿನ ಮೇಲೆ ಬೆರಳಿಟ್ಟೆ. “ಇಷ್ಟೆಲ್ಲಾ ಹಾಕ್ದ್ ಮೇಲೆ ಅದ್ ಫೆಂಡರೇ ಅಲ್ದಾ, ಮಾವ?” ಎಂದ.

ಹದಿನೈದು ವರ್ಷಗಳಿಂದ ಭಾನುವಾರಗಳಲ್ಲಿ ಈ ಕಡೆಯ ಹುಡುಗರ ಗಿಟಾರ್ ರಿಪೇರಿ ಮಾಡುತ್ತ ಬಂದಿದ್ದೇನೆ. ದುಡ್ಡು ಎಲ್ಲಿ ಹಾಕುವುದು, ಹೆಸರನ್ನು ಏನು ಮಾಡುವುದು ಎಂಬ ಎರಡು ಪ್ರಶ್ನೆ ಬೇರೆ ಬೇರೆ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ನಾನು ಕಂಡಂತೆ ಅವು ಜೊತೆಯಾಗಿಯೇ ಬರುತ್ತವೆ. ನುಡಿಸುವುದಕ್ಕಾಗಿ ವಾದ್ಯ ಸುಧಾರಿಸುವವನು ಬೆರಳು ತಾಗುವ ಕಡೆಯಿಂದ ಕೆಲಸ ಶುರು ಮಾಡುತ್ತಾನೆ. ತೋರಿಸುವುದಕ್ಕಾಗಿ ಸುಧಾರಿಸುವವನು ಕಣ್ಣಿಗೆ ಬೀಳುವ ಕಡೆಯಿಂದ. ಹಾಗಾಗಿ ಎರಡನ್ನೂ ಒಟ್ಟಿಗೇ ಹೇಳುತ್ತೇನೆ.

ಮೊದಲು ಸೆಟಪ್, ಆಮೇಲೆ ಅಂಗಡಿ

ಹತ್ತರಿಂದ ಇಪ್ಪತ್ತು ಸಾವಿರದೊಳಗಿನ ಗಿಟಾರ್‌ನಲ್ಲಿ ಕಂಪನಿ ಉಳಿಸುವುದು ಮರದಲ್ಲಿ ಅಷ್ಟಾಗಿ ಅಲ್ಲ, ಮನುಷ್ಯರ ಸಮಯದಲ್ಲಿ. ಕುತ್ತಿಗೆಗೆ ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳನ್ನು ಬಡಿದ ಮೇಲೆ ಒಬ್ಬ ಅನುಭವಿ ಕೂತು ಅರ್ಧ ದಿನ ಮಾಡಬೇಕಾದ ಸೆಟಪ್ಪನ್ನು, ಎಂದರೆ ಕುತ್ತಿಗೆ-ತಂತಿಗಳನ್ನು ಹದಕ್ಕೆ ತರುವ ಕೆಲಸವನ್ನು, ಹತ್ತು ನಿಮಿಷಕ್ಕೆ ಮುಗಿಸಿರುತ್ತಾರೆ. ಆ ಅರ್ಧ ದಿನವನ್ನು ನೀವು ಮರಳಿ ಕೊಟ್ಟರೆ ಗಿಟಾರ್ ಎಷ್ಟು ಬದಲಾಗುತ್ತದೆ ಎನ್ನುವುದನ್ನು ನೋಡದೆ ಬೇರೆ ಏನನ್ನೂ ಕೊಳ್ಳಬೇಡಿ.

ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕುತ್ತಿಗೆ ದೇಹಕ್ಕೆ ಸೇರುವಲ್ಲಿಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿದು ಏಳು-ಎಂಟನೇ ಫ್ರೆಟ್ ಹತ್ತಿರ ನೋಡಿ. ಸುಮಾರು 0.25 ಮಿ.ಮೀ., ಎಂದರೆ ತೆಳುವಾದ ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಸಂದಿ ಇರಬೇಕು. ಹೆಚ್ಚಿದ್ದರೆ ಕುತ್ತಿಗೆಯೊಳಗಿನ ಟ್ರಸ್ ರಾಡ್ ಎಂಬ ಸರಳನ್ನು ಕಾಲು ಸುತ್ತು ಬಿಗಿ ಮಾಡಿ, ಒಂದು ದಿನ ಬಿಡಿ, ಮತ್ತೆ ನೋಡಿ. ನಂತರ 12ನೇ ಫ್ರೆಟ್ ಮೇಲೆ ತೆಳು ತಂತಿಯ ಎತ್ತರ 1.6 ಮಿ.ಮೀ., ದಪ್ಪ ತಂತಿಯದು 2 ಮಿ.ಮೀ. ಆಸುಪಾಸಿಗೆ ಬರುವಂತೆ ಬ್ರಿಡ್ಜ್‌ನಲ್ಲಿ ತಂತಿ ಕೂರುವ ಸ್ಯಾಡಲ್ ಇಳಿಸಿ. ಕಡೆಗೆ ನಟ್: ಮೂರನೇ ಫ್ರೆಟ್‌ನಲ್ಲಿ ತಂತಿ ಒತ್ತಿದಾಗ ಮೊದಲ ಫ್ರೆಟ್ ಮೇಲೆ ಕೂದಲೆಳೆಯಷ್ಟೇ ಸಂದಿ ಉಳಿಯಬೇಕು. ಅಗ್ಗದ ಗಿಟಾರ್‌ಗಳಲ್ಲಿ ಇಲ್ಲಿ ಯಾವಾಗಲೂ ಎತ್ತರ ಜಾಸ್ತಿ. ಕಲಿಯುವ ಮಕ್ಕಳು ‘ಎಫ್’ ಕಾರ್ಡ್ ಹಿಡಿಯಲಾಗದೆ ಅಳುವುದಕ್ಕೆ ಅರ್ಧ ಕಾರಣ ಈ ನಟ್. ಅವರ ಬೆರಳಿನದು ಏನೂ ತಪ್ಪಿಲ್ಲ.

ಮುಂಬಯಿ ಕಡೆಯವರಿಗೆ ಒಂದು ಮಾತು. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಮರ ನೀರು ಕುಡಿಯುತ್ತಲೇ ಇರುತ್ತದೆ, ಕುತ್ತಿಗೆಯ ಬಾಗು ಬದಲಾಗುತ್ತದೆ, ತಂತಿ ತುಕ್ಕು ಹಿಡಿಯುತ್ತದೆ. ಏಪ್ರಿಲ್‌ನಲ್ಲಿ ಮಾಡಿಸಿದ ಸೆಟಪ್ ಆಗಸ್ಟ್‌ನಲ್ಲಿ ಕೆಟ್ಟರೆ ಮಾಡಿದವರನ್ನು ಬೈಯಬೇಡಿ. ವರ್ಷಕ್ಕೆ ಎರಡು ಸಲದ ಕೆಲಸ ಅದು, ಮನೆಯಲ್ಲೇ ಕಲಿತುಕೊಳ್ಳುವುದು ಒಳ್ಳೆಯದು. ಪುಣೆಯಲ್ಲಿರುವವರಿಗೆ ತೊಂದರೆ ಉಲ್ಟಾ: ಚಳಿಗಾಲದ ಒಣಹವೆಗೆ ಮರ ಕುಗ್ಗಿ ಫ್ರೆಟ್‌ನ ತುದಿಗಳು ಬದಿಯಿಂದ ಹೊರಗೆ ಚುಚ್ಚತೊಡಗುತ್ತವೆ. ಸಣ್ಣ ಅರದಿಂದ ಉಜ್ಜಿದರೆ ಸರಿಹೋಗುತ್ತದೆ.

ಇಷ್ಟಕ್ಕೆ ನನ್ನ ಲೆಕ್ಕದ ಪುಸ್ತಕದಲ್ಲಿ ಬರೆದ ಖರ್ಚು: ಹೊಸ ತಂತಿ, ಮೂಳೆಯ ನಟ್, ಮಜೂರಿ ಎಲ್ಲ ಸೇರಿ ಎರಡೂವರೆ ಸಾವಿರದೊಳಗೆ. ಅಕ್ಕನ ಮಗನ ಪಟ್ಟಿಯಲ್ಲಿದ್ದ ಕೀಗಳು ಇಲ್ಲಿಗೇ ಬಿದ್ದುಹೋದವು. ಶ್ರುತಿ ನಿಲ್ಲುವುದಿಲ್ಲ ಎಂದು ಜನ ಕೀಗಳಿಗೆ ನಾಲ್ಕು ಸಾವಿರ ಸುರಿಯುತ್ತಾರೆ. ತಂತಿ ತಿರುಗಿಸುವಾಗ ‘ಟಿಕ್’ ಎಂದು ಸದ್ದು ಬಂದರೆ ಅದು ನಟ್‌ನ ಕಚ್ಚಿನಲ್ಲಿ ತಂತಿ ಸಿಕ್ಕಿಕೊಳ್ಳುವ ಸದ್ದು, ಕೀಯದಲ್ಲ. ಪೆನ್ಸಿಲ್ ಸೀಸದ ಪುಡಿ ಕಚ್ಚಿಗೆ ಹಚ್ಚಿ ನೋಡಿ.

ಪಿಕಪ್‌ಗಿಂತ ಮೊದಲು ವೈರು

ಎರಡನೆಯ ಖರ್ಚು ಗಿಟಾರ್‌ನ ಹೊಟ್ಟೆಯೊಳಗೆ. ಸ್ಟ್ರಾಟ್‌ನ ಸಿಂಗಲ್ ಕಾಯಿಲ್ ಪಿಕಪ್ ಸುತ್ತಲಿನ ವೈರಿಂಗ್‌ನ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನು ಆಂಟೆನಾದಂತೆ ಹಿಡಿಯುತ್ತದೆ. ಫ್ಯಾನ್ ರೆಗ್ಯುಲೇಟರ್, ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್ ಎಲ್ಲವೂ ಸದ್ದು ಹಿಗ್ಗಿಸುವ ನಿಮ್ಮ ಆಂಪ್‌ನಲ್ಲಿ ಕೇಳಿಸುತ್ತವೆ. ಪಿಕಪ್ ಕುಳಿಗಳ ಒಳಗೆ ತಾಮ್ರದ ಟೇಪ್ ಅಂಟಿಸಿ, ಎಲ್ಲವನ್ನೂ ಒಂದಕ್ಕೊಂದು ತಾಗಿಸಿ ಗ್ರೌಂಡ್‌ಗೆ ಬೆಸುಗೆ ಹಾಕಿದರೆ ಕರಕರ ಬಹಳ ಮಟ್ಟಿಗೆ ಇಳಿಯುತ್ತದೆ. ಆಂಪ್‌ನ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸುವ ಅಡಾಪ್ಟರ್ ಮಾತ್ರ ಯಾವತ್ತೂ ಬಳಸಬೇಡಿ. ಅರ್ಥ್ ಇಲ್ಲದ ಆಂಪ್ ಕೆಟ್ಟರೆ ಕರೆಂಟು ನೇರ ಗಿಟಾರ್ ತಂತಿಗೆ ಬರಬಹುದು. ಹಳೆಯ ಚಾಳ್‌ಗಳಲ್ಲಿ ಇದನ್ನು ಗಂಭೀರವಾಗಿ ಪರೀಕ್ಷಿಸಿಯೇ ನುಡಿಸಬೇಕು.

ಪಾಟ್ (ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿನ ಭಾಗ), ಸ್ವಿಚ್, ಕೆಪ್ಯಾಸಿಟರ್, ಟೇಪ್ ಕೊಳ್ಳಲು ದಾದರ್‌ನಲ್ಲಿ ಗಾಡಿ ಬದಲಿಸಿ ಗ್ರ್ಯಾಂಟ್ ರೋಡ್‌ಗೆ ಹೋದೆವು. ಲ್ಯಾಮಿಂಗ್ಟನ್ ರೋಡ್‌ನಲ್ಲಿ ಬಿಡಿಭಾಗ ಸಿಗುತ್ತದೆ, ಆದರೆ ಗಿಟಾರ್‌ಗೆ ಎಂದು ಹೇಳಿದರೆ ಅಂಗಡಿಯವರಿಗೆ ಗೊತ್ತಾಗುವುದಿಲ್ಲ. ಸಿಂಗಲ್ ಕಾಯಿಲ್‌ಗೆ 250 ಕಿಲೋಓಮ್, ಜೋಡಿ ಸುರುಳಿಯ ಹಂಬಕರ್ ಪಿಕಪ್‌ಗೆ 500, ವಾಲ್ಯೂಮ್‌ಗೆ ಬೇಕಾದ್ದು ಆಡಿಯೋ ಟೇಪರ್ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಪಾಟ್‌ನ ಕಡ್ಡಿಯ ದಪ್ಪವನ್ನೂ ಅಳೆದುಕೊಳ್ಳಿ: ಏಷ್ಯಾದಲ್ಲಿ ತಯಾರಾದವು ಹೆಚ್ಚಾಗಿ ಮಿಲಿಮೀಟರ್ ಲೆಕ್ಕ, ಅಮೆರಿಕದವು ಇಂಚು. ಬ್ರಿಡ್ಜ್‌ಗೂ ಇದೇ ಮಾತು, ಇಲ್ಲಿ ಮೋಸಹೋಗುವವರು ಬಹಳ. ಸ್ಕ್ರೂಗಳ ನಡುವಿನ ದೂರ ಒಂದೊಂದು ಮಾದರಿಯಲ್ಲಿ ಒಂದೊಂದು ಥರ, ಅಗ್ಗದ ಮಾದರಿಗಳ ದೇಹ ತೆಳ್ಳಗಿದ್ದರೆ ಬ್ರಿಡ್ಜ್ ಕೆಳಗಿನ ಪೂರ್ಣ ಉದ್ದದ ಲೋಹದ ಬ್ಲಾಕ್ ಹಿಂದಿನಿಂದ ಹೊರಗೆ ಇಣುಕುತ್ತದೆ. ಸ್ಕೇಲ್ ಹಿಡಿದು ಅಳೆಯದೆ ಆರ್ಡರ್ ಮಾಡಬೇಡಿ.

ಪಿಕಪ್ ಕೊನೆಯದು. ಅಗ್ಗದ ಪಿಕಪ್‌ನಲ್ಲಿ ಉಕ್ಕಿನ ಕಡ್ಡಿಗಳ ಕೆಳಗೆ ಒಂದು ಸೆರಾಮಿಕ್ ಅಯಸ್ಕಾಂತದ ಪಟ್ಟಿ ಅಂಟಿಸಿರುತ್ತಾರೆ. ದುಬಾರಿಯದರಲ್ಲಿ ಆ ಕಡ್ಡಿಗಳೇ ಆಲ್ನಿಕೋ ಅಯಸ್ಕಾಂತ. ವ್ಯತ್ಯಾಸ ಕೇಳಿಸುತ್ತದೆ, ನಿಜ. ಆದರೆ ಇರುವ ಪಿಕಪ್ಪನ್ನೇ ಒಂದೆರಡು ಮಿಲಿಮೀಟರ್ ಕೆಳಗಿಳಿಸಿದರೆ ಅದರ ಒರಟುತನ ಅರ್ಧ ಹೋಗುತ್ತದೆ, ಅದಕ್ಕೆ ಬೇಕಾದ್ದು ಒಂದು ಸ್ಕ್ರೂಡ್ರೈವರ್. ಒಂದನ್ನು ಮಾತ್ರ ಬದಲಿಸುವವರು ಎಚ್ಚರ. ಹೊಸದರ ಸುತ್ತಿನ ದಿಕ್ಕೂ ಅಯಸ್ಕಾಂತದ ಧ್ರುವವೂ ಉಳಿದೆರಡಕ್ಕೆ ಹೊಂದದಿದ್ದರೆ ಎರಡು ಪಿಕಪ್ ಒಟ್ಟಿಗೆ ನುಡಿಯುವ ಸ್ವಿಚ್‌ನ ಎರಡನೇ, ನಾಲ್ಕನೇ ಸ್ಥಾನದಲ್ಲಿ ಸ್ವರ ಪೀಚಾಗಿಬಿಡುತ್ತದೆ.

ಸುಧಾರಿಸುವುದೋ, ಮೇಲಿನದನ್ನೇ ಕೊಳ್ಳುವುದೋ

ನನ್ನ ಅಳತೆ ಸರಳ. ಬಿಡಿಭಾಗಗಳ ಖರ್ಚು ಗಿಟಾರ್ ಬೆಲೆಯ ಅರ್ಧ ದಾಟುತ್ತದೆ ಎಂದಾದರೆ ನಿಲ್ಲಿಸಿ, ಆ ದುಡ್ಡು ಕೂಡಿಡಿ. ಹದಿನೆಂಟು ಸಾವಿರದ ಗಿಟಾರ್‌ಗೆ ಇಪ್ಪತ್ತು ಸಾವಿರದ ಪಿಕಪ್ ಹಾಕಿದರೆ ಮಾರುವ ದಿನ ಅದು ಹದಿಮೂರು ಸಾವಿರದ ಗಿಟಾರೇ. ಆದ್ದರಿಂದ ತೆಗೆದ ಮೂಲ ಭಾಗಗಳನ್ನೆಲ್ಲ ಹೆಸರು ಬರೆದ ಡಬ್ಬಿಯಲ್ಲಿ ಇಡಿ. ಮಾರುವಾಗ ಹಳೆಯದನ್ನು ಮತ್ತೆ ಕೂರಿಸಿ, ಒಳ್ಳೆಯದನ್ನು ಮುಂದಿನ ಗಿಟಾರ್‌ಗೆ ಒಯ್ಯಿರಿ.

ಕುತ್ತಿಗೆಯೇ ತಿರುಚಿಕೊಂಡಿದ್ದರೆ ಯಾವ ಸುಧಾರಣೆಯೂ ಬೇಡ, ಅದನ್ನು ಬಿಡಿ. ಕುತ್ತಿಗೆ ನೇರವಾಗಿದ್ದು, ಕೈಗೆ ಒಗ್ಗಿದ್ದು, ನಿಮಗೆ ಬೆಸುಗೆ ಕಲಿಯುವ ಆಸೆ ಇದ್ದರೆ ಸುಧಾರಿಸುವ ದಾರಿಯೇ ಒಳ್ಳೆಯದು, ಯಾಕೆಂದರೆ ಆ ಕಲಿಕೆ ಬೇರೆಲ್ಲೂ ಕೊಳ್ಳಲು ಸಿಗುವುದಿಲ್ಲ. ವಾರಕ್ಕೆ ಎರಡು ದಿನ ವೇದಿಕೆ ಹತ್ತುವವರಾದರೆ ಮೇಲಿನದನ್ನೇ ನೋಡಿ. ಧೋಬಿ ತಲಾವ್‌ನ ಫುರ್ಟಾಡೋಸ್‌ನಂಥ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಕೂತು ನಾಲ್ಕಾರು ನುಡಿಸಿ. ಬೆಲೆಚೀಟಿ ನೋಡುವ ಮೊದಲು ಕಣ್ಣುಮುಚ್ಚಿ ಕುತ್ತಿಗೆ ಸವರಿ ನೋಡಿ.

ಸೆಕೆಂಡ್ ಹ್ಯಾಂಡ್ ಎಂಬ ಮೂರನೆಯ ದಾರಿ ಎಲ್ಲಕ್ಕಿಂತ ಲಾಭದ್ದು, ಮತ್ತು ಎಲ್ಲಕ್ಕಿಂತ ಅಪಾಯದ್ದು. ಎರಡು ವರ್ಷದ ಹಿಂದೆ ನಮ್ಮ ಊರ ಕಡೆಯ ಒಬ್ಬ ಹುಡುಗ ಗಿಟಾರ್ ತಂದ. ತಂದೆ ಫೋರ್ಟ್‌ನಲ್ಲಿ ಕ್ಯಾಂಟೀನ್ ಕೆಲಸ. ಮೂವತ್ತೆಂಟು ಸಾವಿರ ಕೊಟ್ಟು ಕೊಂಡ ‘ಮೆಕ್ಸಿಕೋ ಫೆಂಡರ್’ ಶ್ರುತಿ ನಿಲ್ಲುತ್ತಿಲ್ಲ, ನೋಡಿ ಎಂದ. ಹೆಡ್‌ಸ್ಟಾಕ್, ಎಂದರೆ ಕೀಗಳೂ ಕಂಪನಿಯ ಹೆಸರೂ ಇರುವ ಕುತ್ತಿಗೆಯ ತಲೆಭಾಗದ ಮೇಲೆ ಹೆಬ್ಬೆರಳು ಆಡಿಸಿದೆ. ಅಕ್ಷರಗಳ ಸುತ್ತ ಒಂದು ಅಂಚು ಉಗುರಿಗೆ ತಾಗಿತು. ಹಿಂಬದಿಯಲ್ಲಿ ಸೀರಿಯಲ್ ನಂಬರ್ ಇರಬೇಕಾದಲ್ಲಿ ಪಾಲಿಶ್ ಬಣ್ಣ ಒಂದು ಛಾಯೆ ತಿಳಿ. ಮುಂಬದಿಯ ಪ್ಲಾಸ್ಟಿಕ್ ಪಿಕ್‌ಗಾರ್ಡ್ ಬಿಚ್ಚಿದರೆ ರೂಪಾಯಿ ನಾಣ್ಯಕ್ಕಿಂತ ಸಣ್ಣ ಪಾಟ್‌ಗಳು, ಸೆರಾಮಿಕ್ ಪಟ್ಟಿಯ ಪಿಕಪ್, ತೆಳ್ಳನೆಯ ಬ್ಲಾಕ್. ಅದು ಫೆಂಡರ್ ಅಲ್ಲ ಎಂದು ಆ ಹುಡುಗನಿಗೆ ಹೇಳಬೇಕಾದ ಕ್ಷಣ ನನಗೆ ಇನ್ನೂ ಮರೆತಿಲ್ಲ. ಮಾರಿದವನ ಫೋನ್ ಅಷ್ಟರಲ್ಲಿ ಸ್ವಿಚ್ ಆಫ್ ಆಗಿತ್ತು.

ಹೆಡ್‌ಸ್ಟಾಕ್ ಮೇಲಿನ ನಾಲ್ಕು ದಾರಿ

ಹೆಸರಿನ ವಿಷಯದಲ್ಲಿ ನಾಲ್ಕು ಆಯ್ಕೆ ಇವೆ: ಇದ್ದದ್ದನ್ನು ಇದ್ದಂತೆ ಬಿಡುವುದು, ಉಜ್ಜಿ ಬರಿದಾಗಿಸುವುದು, ನಿಮ್ಮ ಹೆಸರು ಬರೆಯುವುದು, ದೊಡ್ಡ ಕಂಪನಿಯ ಹೆಸರು ಅಂಟಿಸುವುದು.

ಕೊನೆಯದರ ಪರವಾಗಿ ಹೇಳುವ ವಾದಗಳನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಸ್ಕ್ವಾಯರ್ ಫೆಂಡರ್‌ನದೇ ಮನೆ, ಹಾಗಾದರೆ ತಪ್ಪೇನು ಎಂಬುದು ಮೊದಲನೆಯದು. ಸ್ಕ್ವಾಯರ್ ಮೂಲತಃ ಮಿಶಿಗನ್‌ನ ಒಂದು ತಂತಿ ಕಂಪನಿ. ಫೆಂಡರ್ ಅದನ್ನು 1965ರಲ್ಲಿ ಕೊಂಡಿತು. ಜಪಾನಿನ ನಕಲುಗಳು ಮಾರುಕಟ್ಟೆ ತುಂಬಿದಾಗ, ಅವಕ್ಕೆ ಎದುರಾಗಿ ಅಲ್ಲೇ ಅಗ್ಗದ ಗಿಟಾರ್ ಮಾಡಿಸಿ 1982ರಲ್ಲಿ ಈ ಹೆಸರಿನಲ್ಲಿ ಹೊರತಂದಿತು. ಮೊದಲ ಕೆಲವಕ್ಕೆ ‘ಫೆಂಡರ್’ ದೊಡ್ಡದಾಗಿಯೂ ‘ಸ್ಕ್ವಾಯರ್’ ಚಿಕ್ಕದಾಗಿಯೂ ಇತ್ತು, ಬೇಗನೆ ಅದನ್ನು ತಿರುವುಮುರುವು ಮಾಡಿದರು. ಯಾವ ಅಕ್ಷರ ಎಷ್ಟು ದೊಡ್ಡದಿರಬೇಕು ಎಂಬುದನ್ನು ಕಂಪನಿಯೇ ಅಷ್ಟು ಯೋಚಿಸಿ ಇಟ್ಟಿದೆ. ಆ ಗೆರೆ ಒಂದು ಮಾತು: ಈ ವಾದ್ಯಕ್ಕೆ ಇಷ್ಟು ಸಮಯ ಕೊಟ್ಟಿದ್ದೇವೆ, ಇಷ್ಟೇ ಬೆಲೆ ಕೇಳುತ್ತಿದ್ದೇವೆ ಎಂದು. ಮಾಟುಂಗಾ ಸ್ಟೇಷನ್ ಎದುರಿನ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಎಲೆ ಹಾಕುತ್ತಿದೆ. ಅವರ ನೆಂಟನೇ ಆಗಲಿ, ಒಳ್ಳೆಯ ಸಾರೇ ಮಾಡಲಿ, ಕೇಳದೆ ಅದೇ ಬೋರ್ಡನ್ನು ತನ್ನ ಬಾಗಿಲಿಗೆ ತೂಗುಹಾಕಿದರೆ ನಾವು ಒಪ್ಪುತ್ತೇವೆಯೆ?

ಎರಡನೆಯ ವಾದ, ಇದು ನನಗಾಗಿ ಮಾತ್ರ, ಮಾರುವುದಿಲ್ಲ. ಹೇಳುವವರು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಆದರೆ ಗಿಟಾರ್ ನಮಗಿಂತ ಹೆಚ್ಚು ಬಾಳುತ್ತದೆ. ನೌಕರಿ ಬದಲಾಗುತ್ತದೆ, ಮನೆ ಖಾಲಿ ಮಾಡುತ್ತಾರೆ, ತಮ್ಮನಿಗೆ ಕೊಡುತ್ತಾರೆ, ತಮ್ಮನ ಗೆಳೆಯ ಒಯ್ಯುತ್ತಾನೆ. ಮೂರನೆಯ ಕೈಗೆ ಹೋಗುವಾಗ ನಿಮ್ಮ ವಿವರಣೆ ಜೊತೆಗೆ ಹೋಗುವುದಿಲ್ಲ, ಸ್ಟಿಕರ್ ಮಾತ್ರ ಹೋಗುತ್ತದೆ. ಆ ಕ್ಯಾಂಟೀನ್ ಕೆಲಸದವರ ಮಗನಿಗೆ ಸಿಕ್ಕಿದ ಗಿಟಾರ್‌ನ ಸ್ಟಿಕರನ್ನೂ ಅಂಟಿಸಿದವನು ಬೇರೆ, ಮಾರಿದವನು ಬೇರೆ ಇದ್ದಿರಬಹುದು.

ಕಾನೂನೂ ಹೀಗೇ ಎರಡು ಹಂತದಲ್ಲಿ ನೋಡುತ್ತದೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 103ನೇ ಕಲಂ ಸುಳ್ಳು ಗುರುತು ಹಾಕುವವರಿಗೆ, 104ನೇದು ಅಂಥ ಮಾಲು ಮಾರುವವರಿಗೆ. ಎರಡಕ್ಕೂ 6 ತಿಂಗಳಿಂದ 3 ವರ್ಷ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. 250 ರೂಪಾಯಿಯ ಸ್ಟಿಕರ್ ಕೊಳ್ಳುವ ಹುಡುಗರಿಗೆ ಇದು ಗೊತ್ತಿರುವುದಿಲ್ಲ.

ಮೂರನೆಯ ವಾದ ಸ್ವಲ್ಪ ತೊಡಕು. ಸ್ಕ್ವಾಯರ್ ದೇಹಕ್ಕೆ ನಿಜವಾದ ಫೆಂಡರ್ ಕುತ್ತಿಗೆ ಕೊಂಡು ಹಾಕಿದರೆ? ಕುತ್ತಿಗೆಯ ಮೇಲಿನ ಹೆಸರು ಆ ಕುತ್ತಿಗೆಯ ಮಟ್ಟಿಗೆ ಸತ್ಯ. ಇದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಹೆಸರಾಂತ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್‌ನ ‘ಬ್ಲ್ಯಾಕಿ’ ಗಿಟಾರೂ ಹಲವು ಹಳೆಯ ಸ್ಟ್ರಾಟ್‌ಗಳ ಭಾಗ ಸೇರಿಸಿ ಕಟ್ಟಿದ್ದು. ಅದು 2004ರ ಹರಾಜಿನಲ್ಲಿ 9,59,500 ಡಾಲರಿಗೆ ಹೋಯಿತು, ಸೇರಿಸಿ ಕಟ್ಟಿದ್ದೆಂದು ಎಲ್ಲರಿಗೂ ಗೊತ್ತಿದ್ದೇ. ಆದರೆ ನೋಡುವವನು ಹೆಸರನ್ನು ಕುತ್ತಿಗೆಗೆ ಮಾತ್ರ ಓದುವುದಿಲ್ಲ, ಇಡೀ ಗಿಟಾರ್‌ಗೆ ಓದುತ್ತಾನೆ. ಹಾಗಾಗಿ ಈ ದಾರಿ ಹಿಡಿದವರು ಮಾರುವಾಗ ‘ಬಿಡಿಭಾಗ ಸೇರಿಸಿದ ಗಿಟಾರ್, ಕುತ್ತಿಗೆ ಫೆಂಡರ್, ದೇಹ ಸ್ಕ್ವಾಯರ್’ ಎಂದು ಮೊದಲ ಸಾಲಿನಲ್ಲೇ ಬರೆಯಬೇಕು, ಕೇಳಿದರೆ ಹೇಳೋಣ ಎಂದು ಕಾಯಬಾರದು.

ಅಕ್ಕನ ಮಗನಿಗೆ ನಾನು ಹೇಳಿದ ಕತೆ 1951ರದು. ಲಿಯೋ ಫೆಂಡರ್‌ನ ಕಂಪನಿ ಆಗಿನ್ನೂ ಚಿಕ್ಕದು. ಹೊಸ ಗಿಟಾರ್‌ಗೆ ‘ಬ್ರಾಡ್‌ಕ್ಯಾಸ್ಟರ್’ ಎಂದು ಹೆಸರಿಟ್ಟಿದ್ದರು. ಗ್ರೆಟ್ಷ್ ಕಂಪನಿ ಅದೇ ಉಚ್ಚಾರದ ಹೆಸರಿನಲ್ಲಿ ಡ್ರಮ್ ಮಾರುತ್ತಿತ್ತು, ಆಕ್ಷೇಪ ಕಳಿಸಿತು. ಫೆಂಡರ್‌ನವರು ಜಗಳಕ್ಕೆ ನಿಲ್ಲಲಿಲ್ಲ. ಇದ್ದ ಸ್ಟಿಕರ್‌ಗಳಿಂದ ಗಿಟಾರ್‌ನ ಹೆಸರನ್ನು ಕತ್ತರಿಸಿ ತೆಗೆದು, ‘ಫೆಂಡರ್’ ಎಂಬಷ್ಟನ್ನೇ ಅಂಟಿಸಿ ಕೆಲವು ತಿಂಗಳು ಮಾರಿದರು. ಆಮೇಲೆ ‘ಟೆಲಿಕ್ಯಾಸ್ಟರ್’ ಬಂತು. ಹೆಸರಿಲ್ಲದ ಆ ಗಿಟಾರ್‌ಗಳನ್ನು ಈಗ ಸಂಗ್ರಾಹಕರು ‘ನೋಕ್ಯಾಸ್ಟರ್’ ಎಂದು ಕರೆದು ಹುಡುಕಿಕೊಂಡು ಹೋಗುತ್ತಾರೆ. ಅವನು ಹೆಸರು ಕದಿಯಬೇಕೆಂದಿದ್ದ ಕಂಪನಿಯೇ ಒಂದು ಕಾಲದಲ್ಲಿ ಇನ್ನೊಬ್ಬರ ಹೆಸರನ್ನು ಕತ್ತರಿ ಹಿಡಿದು ಬಿಟ್ಟುಕೊಟ್ಟಿತ್ತು. ಅವನು ಸುಮಾರು ಹೊತ್ತು ಮಾತಾಡಲಿಲ್ಲ.

ನಿಮ್ಮದೇ ಹೆಸರು ಹಾಕುವುದು ನನಗೆ ಇಷ್ಟದ ದಾರಿ, ಒಂದು ಷರತ್ತಿನ ಮೇಲೆ: ನೀವು ನಿಜವಾಗಿ ಕಟ್ಟಿದ್ದಿರಬೇಕು. ಸ್ಟ್ರಾಟ್‌ನ ದೇಹದ ಆಕಾರವನ್ನು ತನ್ನ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಫೆಂಡರ್ ಹಾಕಿದ್ದ ಅರ್ಜಿಯನ್ನು ಅಮೆರಿಕದ ಟ್ರೇಡ್‌ಮಾರ್ಕ್ ಮಂಡಳಿ 2009ರಲ್ಲಿ ತಿರಸ್ಕರಿಸಿತು. ಆ ಆಕಾರವನ್ನು ಎಷ್ಟೋ ಕಂಪನಿಗಳು ದಶಕಗಳಿಂದ ಮಾಡುತ್ತ ಬಂದಿವೆ ಎಂಬುದು ಕಾರಣ. ಹೆಸರು ಮತ್ತು ಹೆಡ್‌ಸ್ಟಾಕ್‌ನ ಆಕಾರದ ಮಾತು ಬೇರೆ, ಅವು ನೋಂದಾಯಿತ. ಮರ ತಂದು ಕೊರೆದು ಮಾಡುವವರು ಹೆಡ್‌ಸ್ಟಾಕ್‌ಗೆ ತಮ್ಮದೇ ಒಂದು ರೇಖೆ ಹುಡುಕಿಕೊಳ್ಳಲಿ. ನಮ್ಮ ಮಲೆನಾಡಿನ ಬೀಟೆ ಲೋಕದ ಗಿಟಾರ್‌ಗಳ ಫಿಂಗರ್‌ಬೋರ್ಡ್ ಆಗುತ್ತ ಬಂದಿದೆ. ಅದರ ಮೇಲೆ ಕನ್ನಡದ ಒಂದು ಹೆಸರು ಕೂತರೆ ನನಗಂತೂ ಬಹಳ ಸಂತೋಷ. ಕ್ವೀನ್ ಬ್ಯಾಂಡಿನ ಬ್ರಯಾನ್ ಮೇ ತಂದೆಯ ಜೊತೆ ಸೇರಿ 1963ರಲ್ಲಿ ಹಳೆಯ ಅಗ್ಗಿಷ್ಟಿಕೆಯ ಮರ ಮೊದಲಾದವನ್ನು ಬಳಸಿ ಗಿಟಾರ್ ಕಟ್ಟಲು ಶುರುಮಾಡಿದ. ಅದಕ್ಕೆ ಬಳಸಿದ ಸ್ಪ್ರಿಂಗ್‌ಗಳು ಹಳೆಯ ಮೋಟಾರ್‌ಸೈಕಲ್‌ನವು. ಪಂಚಗಣಿಯಲ್ಲಿ ಓದಿದ ಫ್ರೆಡ್ಡಿ ಮರ್ಕ್ಯುರಿಯ ಪಕ್ಕ ನಿಂತು ಅವನು ನುಡಿಸಿದ್ದು ಅದನ್ನೇ. ಯಾವ ಕಂಪನಿಯ ಹೆಸರನ್ನೂ ಅದು ಎರವಲು ತರಬೇಕಾಗಲಿಲ್ಲ. ಆದರೆ ಅಂಗಡಿಯಿಂದ ತಂದ ಸ್ಕ್ವಾಯರ್‌ಗೆ ನಾಲ್ಕು ಪಾಟ್ ಬದಲಿಸಿ ಮೇಲೆ ನಮ್ಮ ಹೆಸರು ಬರೆದರೆ, ಅದು ಇಂಡೋನೇಷ್ಯಾದಲ್ಲೋ ಚೀನಾದಲ್ಲೋ ಕೂತು ಆ ಕುತ್ತಿಗೆ ಉಜ್ಜಿದ ಕೆಲಸಗಾರನ ಶ್ರಮವನ್ನು ಅಳಿಸಿದಂತೆ.

ಹಾಗೆ ಸುಧಾರಿಸಿದವರಿಗೆ ಬೇರೊಂದು ಜಾಗ ಇದೆ. ಫೆಂಡರ್‌ನ ಹಳೆಯ ಕೆಲಸಗಾರರು ಕುತ್ತಿಗೆಯ ಬುಡದಲ್ಲಿ, ದೇಹದೊಳಗೆ ಕೂರುವ ಭಾಗದಲ್ಲಿ, ಪೆನ್ಸಿಲ್‌ನಿಂದ ತಾರೀಕು ಬರೆಯುತ್ತಿದ್ದರು. ಕೆಲವರು ತಮ್ಮ ಇನಿಷಿಯಲ್ ಕೂಡ ಹಾಕುತ್ತಿದ್ದರು. ಅಕ್ಕನ ಮಗ ಅಲ್ಲೇ ಬರೆದ: ನಟ್ ಮೂಳೆ, ಪಾಟ್ 250, ತಾಮ್ರದ ಟೇಪ್, ಪಿಕಪ್ ಮೂಲದ್ದೇ, ಡೊಂಬಿವಲಿ, ತಾರೀಕು. ಮುಂದೊಂದು ದಿನ ಯಾರಾದರೂ ನಾಲ್ಕು ಸ್ಕ್ರೂ ಬಿಚ್ಚಿದರೆ ಅವರಿಗೆ ಬೇಕಾದ್ದೆಲ್ಲ ಅಲ್ಲಿದೆ. ಮುಂದೆ ‘ಸ್ಕ್ವಾಯರ್’ ಇದ್ದ ಹಾಗೇ ಇದೆ.

ಉಜ್ಜಿ ಬರಿದಾಗಿಸುವ ದಾರಿಯ ಬಗ್ಗೆ ನನಗೆ ಮೊದಲು ಒಲವಿರಲಿಲ್ಲ. ಹೆಸರು ತೆಗೆದರೆ ಮಾಹಿತಿಯೂ ಹೋಗುತ್ತದೆ, ಬರಿದಾದ ಹೆಡ್‌ಸ್ಟಾಕ್ ಮುಂದಿನವನಿಗೆ ಸ್ಟಿಕರ್ ಅಂಟಿಸಲು ಕರೆದಂತೆ ಎನಿಸುತ್ತಿತ್ತು. ಅಭಿಪ್ರಾಯ ಬದಲಾದದ್ದು ಆ ಕ್ಯಾಂಟೀನ್ ಕೆಲಸದವರ ಮಗನಿಂದ. ಅದನ್ನು ಫೆಂಡರ್ ಎಂದೇ ಮಾರಿದ್ದರೆ ಅವನ ಮೂವತ್ತೆಂಟು ಸಾವಿರ ವಾಪಸು ಬರುತ್ತಿತ್ತು. ಕೊಳ್ಳಲು ಒಬ್ಬ ಗಿರಾಕಿ ತಯಾರೂ ಇದ್ದ. ಒಂದು ವಾರ ಬಿಟ್ಟು ಬಂದು, “ಅಣ್ಣಾ, ಇದ್ನ ತೆಗ್ದ್ ಹಾಕಿ” ಎಂದ. ಬ್ಲೇಡಿನ ಅಂಚಿನಿಂದ ಮೆಲ್ಲನೆ ಎಬ್ಬಿಸಿದೆ. ಪದರ ಎದ್ದು ಬಂತು. ಕೆಳಗೆ ಯಾರೋ ಅವಸರದಲ್ಲಿ ಉಜ್ಜಿದ ಗೀರುಗಳು ಇದ್ದವು, ಯಾವ ಹೆಸರು ಅಳಿಸಿದ್ದರೆಂದು ತಿಳಿಯುವಂತಿರಲಿಲ್ಲ. ನುಣ್ಣನೆಯ ಪಾಲಿಶ್ ಪೇಪರ್ ಹಿಡಿದು ಗೀರುಗಳನ್ನು ಸಮ ಮಾಡಿ ಒಂದು ಕೈ ಎಣ್ಣೆ ಒರೆಸಿ ಕೊಟ್ಟೆ. ನಟ್ ಬದಲಿಸಿದ್ದಕ್ಕೆ ಶ್ರುತಿ ಈಗ ನಿಲ್ಲುತ್ತದೆ. ಪ್ರತಿ ಗಣೇಶ ಹಬ್ಬಕ್ಕೆ ಮಂಡಳಿಯ ಪೆಂಡಾಲಿನಲ್ಲಿ ಅವನು ಅದನ್ನೇ ನುಡಿಸುತ್ತಾನೆ. ಹೆಡ್‌ಸ್ಟಾಕ್ ಮೇಲೆ ಬರಿಯ ಮರ.